ತಾತನ ಸೈಕಲ್‌ಗೆ ಇಂಜಿನ್: ಹಾಕಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾಲದ ಕಪ್ಪು ಸೈಕಲ್‌ಗಳು ಇನ್ನೂ ಪೂರ್ತಿ ಮಾಯವಾಗಿಲ್ಲ. ರಾಡ್ ಬ್ರೇಕು, 28 ಇಂಚಿನ ಚಕ್ರ, ಹಿಂದೆ ಅಗಲವಾದ ಕ್ಯಾರಿಯರ್. ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿದ್ದು 2001ರ ಫೆಬ್ರವರಿ 28ರಂದು. ಅಲ್ಲಿಂದಾಚೆಗೆ ಊರಿನ ದುಡಿಯೋ ಜನರ ದಿಕ್ಕೇ ಬದಲಾಯ್ತು. ತಾತ ಶಾಫ್ಟ್ ಕಡೆ ಸೈಕಲ್ ತುಳೀತಿದ್ರು, ಮೊಮ್ಮಕ್ಕಳು ರೈಲ್ವೆ ಸ್ಟೇಷನ್ ಕಡೆ ಓಡ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಆಮೇಲೆ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು.

ರೈಲು ದೂರದ ಕೆಲಸ ಮುಗಿಸಿಕೊಡುತ್ತೆ. ತಲೆನೋವು ಇರೋದು ಮನೆಯಿಂದ ಸ್ಟೇಷನ್‌ವರೆಗಿನ ಎರಡು ಮೂರು ಕಿಲೋಮೀಟರಿನದು. ಬೆಳಕು ಹರಿಯೋಕೆ ಮುಂಚೆ ಆಟೋ ಸಿಗಲ್ಲ, ಸಿಕ್ಕರೂ ತಿಂಗಳಿಗೆ ಲೆಕ್ಕ ಹಾಕಿದ್ರೆ ಜೇಬಿಗೆ ಭಾರ. ಸ್ಕೂಟರ್ ತಗೊಂಡ್ರೆ ಇಎಂಐ. ಅಷ್ಟರಲ್ಲಿ ಫೋನ್‌ನಲ್ಲಿ ಒಂದು ವಿಡಿಯೊ ಬರುತ್ತೆ: ಸೈಕಲ್‌ನ ಫ್ರೇಮಿಗೆ ಪುಟ್ಟ ಪೆಟ್ರೋಲ್ ಇಂಜಿನ್, ಒಂದು ಮಧ್ಯಾಹ್ನದಲ್ಲಿ ರೆಡಿ! ಮೂಲೇಲಿರೋ ಸೈಕಲ್ ಕಡೆ ಕಣ್ಣು ಹೋಗದೇ ಇರುತ್ತಾ?

ಹೊಸ ಐಡಿಯಾ ಏನಲ್ಲ

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಜಪಾನಿನ ಹಮಾಮಾತ್ಸುವಿನಲ್ಲಿ ಸೊಯಿಚಿರೊ ಹೋಂಡಾ ಮಾಡಿದ್ದೂ ಇದನ್ನೇ. ಸೈನ್ಯದ ರೇಡಿಯೊಗಳಿಗೆ ಕರೆಂಟ್ ಕೊಡೋಕೆ ಅಂತ ಇದ್ದ ಸಣ್ಣ ಇಂಜಿನ್‌ಗಳು ಉಳಿದುಬಿಟ್ಟಿದ್ದವು. ಅವನ್ನು ಸೈಕಲ್‌ಗೆ ಕೂರಿಸಿ ಮಾರಿದರು. ಹೋಂಡಾ ಕಂಪನಿಯ ಕಥೆ ಶುರುವಾಗಿದ್ದೇ ಅಲ್ಲಿಂದ. ನಮ್ಮಲ್ಲಿ 1972ರಲ್ಲಿ ಕೈನೆಟಿಕ್‌ನವರ ಲೂನಾ ಬಂತು, 1980ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಬಂತು. ‘ಮೊಪೆಡ್’ ಅನ್ನೋ ಹೆಸರಲ್ಲೇ ಮೋಟಾರ್ ಮತ್ತು ಪೆಡಲ್ ಎರಡೂ ಇವೆ. ಆದರೆ ಲೂನಾ ಮಾಡಿದವರು ಇಂಜಿನ್‌ಗೆ ತಕ್ಕ ಹಾಗೆ ಫ್ರೇಮು, ಚಕ್ರ, ಬ್ರೇಕು ಎಲ್ಲವನ್ನೂ ಹೊಸದಾಗಿ ಮಾಡಿದ್ರು. ಕಿಟ್‌ನಲ್ಲಿ ಬರೋದು ಇಂಜಿನ್ ಮಾತ್ರ. ಉಳಿದದ್ದೆಲ್ಲ ನಿಮ್ಮ ಸೈಕಲ್‌ನ ಹಣೆಬರಹ.

ಡಬ್ಬಿಯಲ್ಲಿ ಏನಿರುತ್ತೆ?

ಜಗತ್ತಿನಾದ್ಯಂತ ಹೆಚ್ಚು ಓಡಾಡೋದು ಚೀನಾದ ಟು ಸ್ಟ್ರೋಕ್ ಕಿಟ್. 49 ಸಿಸಿ ಒಂದು, ‘80 ಸಿಸಿ’ ಅಂತ ಬರೆದಿರೋದು ಇನ್ನೊಂದು. ಎರಡನೆಯದು ಅಳೆದು ನೋಡಿದ್ರೆ ಸಾಮಾನ್ಯವಾಗಿ 66 ಸಿಸಿ ಆಸುಪಾಸು. ಇಂಜಿನ್ ಜೊತೆ ಕಾರ್ಬ್ಯುರೇಟರ್, ಸೈಲೆನ್ಸರ್, ಸಣ್ಣ ಟ್ಯಾಂಕ್, ಕ್ಲಚ್ ಲಿವರ್, ಆಕ್ಸಿಲರೇಟರ್ ಹಿಡಿ, ಒಂದು ಚೈನ್, ಹಿಂದಿನ ಚಕ್ರಕ್ಕೆ 44 ಹಲ್ಲಿನ ಸ್ಪ್ರಾಕೆಟ್ ಬರುತ್ತೆ.

ಪೆಡಲ್‌ಗಳ ಮೇಲೆ ಫ್ರೇಮಿನ ಎರಡು ಪೈಪ್ ‘ವಿ’ ಆಕಾರದಲ್ಲಿ ಸೇರುತ್ತವಲ್ಲ, ಇಂಜಿನ್ ಕೂರೋದು ಅಲ್ಲಿ. ತುಳಿಯೋ ಚೈನ್ ಬಲಗಡೆ ಹಾಗೇ ಇರುತ್ತೆ, ಇಂಜಿನ್ ಚೈನ್ ಎಡಗಡೆ ಬರುತ್ತೆ. ಹೊರಡುವಾಗ ಕ್ಲಚ್ ಹಿಡಿದು ಸೈಕಲ್ ತುಳೀಬೇಕು, ವೇಗ ಬಂದ ಮೇಲೆ ಕ್ಲಚ್ ಬಿಟ್ರೆ ಇಂಜಿನ್ ಹತ್ತಿಕೊಳ್ಳುತ್ತೆ. ಪೆಟ್ರೋಲ್‌ಗೆ ಟು ಟಿ ಆಯಿಲ್ ಬೆರೆಸೋದು ಕಡ್ಡಾಯ, ಮರೆತರೆ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಸೀಜ್ ಆಗುತ್ತೆ.

ವೇಗ ಎಷ್ಟು? ಇಂಜಿನ್ ಸುಮಾರು 18 ಸುತ್ತು ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು. 28 ಇಂಚಿನ ಚಕ್ರ ಒಂದು ಸುತ್ತಿಗೆ ಹತ್ತಿರತ್ತಿರ 2.2 ಮೀಟರ್ ಹೋಗುತ್ತೆ. ಇಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದ್ರೆ ಗಂಟೆಗೆ 36 ಕಿ.ಮೀ. ದಾಟುತ್ತೆ. ‘ಅಷ್ಟೇನಾ?’ ಅನ್ನಬೇಡಿ. ತುಳಿಯೋ ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿ ಇರುತ್ತೆ. ವೇಗ ಎರಡೂವರೆ ಪಟ್ಟಾದ್ರೆ ಬ್ರೇಕ್ ತಡೆಯಬೇಕಾದ ಶಕ್ತಿ ಹೆಚ್ಚುಕಮ್ಮಿ ಆರು ಪಟ್ಟಾಗುತ್ತೆ.

ಹಳೇ ಸೈಕಲ್ ಎಲ್ಲಿ ಕೈ ಕೊಡುತ್ತೆ?

ಫ್ರೇಮಿನ ಬಗ್ಗೆ ಅಷ್ಟು ಚಿಂತೆ ಬೇಡ. ಉಕ್ಕಿನ ಪೈಪು, ಗಟ್ಟಿ ಜೋಡಣೆ. ಕ್ಲಾಂಪ್ ಹೊಂದಲ್ಲ ಅಂತ ಪೈಪ್‌ಗೆ ಡ್ರಿಲ್ ಹಾಕೋಕೆ ಮಾತ್ರ ಬಿಡಬೇಡಿ. ತೂತು ಬಿದ್ದ ಜಾಗದಿಂದಲೇ ಬಿರುಕು ಶುರುವಾಗೋದು.

ಮೊದಲ ತೊಂದರೆ ಬ್ರೇಕ್. ರಾಡ್ ಬ್ರೇಕ್ ಸೈಕಲ್‌ನಲ್ಲಿ ಹಿಂದಿನ ಬ್ರೇಕಿನ ಕಂಬಿ ಹಾದುಹೋಗೋದು ಕೆಳಗಿನ ಓರೆ ಪೈಪಿನ ಉದ್ದಕ್ಕೆ. ಇಂಜಿನ್ ಕ್ಲಾಂಪ್ ಕೂರಬೇಕಾದ ಜಾಗವೂ ಅದೇ. ‘ಕಂಬಿ ತೆಗೆದುಬಿಡೋಣ, ಮುಂದಿನ ಬ್ರೇಕ್ ಇದೆಯಲ್ಲಾ’ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಮಳೆಯಲ್ಲಿ ಸ್ಟೀಲ್ ರಿಮ್ ಮೇಲೆ ರಬ್ಬರ್ ಹೇಗೆ ಜಾರುತ್ತೆ ಅಂತ ಈ ಸೈಕಲ್ ಓಡಿಸಿದ ಯಾರಿಗಾದ್ರೂ ಗೊತ್ತು. ಎರಡೂ ಬ್ರೇಕ್ ಇದ್ದಾಗಲೇ ಆ ಕಥೆ. ಒಂದೇ ಬ್ರೇಕಲ್ಲಿ, ಅದೂ ಇಳಿಜಾರಿನಲ್ಲಿ?

ಎರಡನೆಯದು ಹಿಂದಿನ ಚಕ್ರ. ಕಿಟ್‌ನ ಸ್ಪ್ರಾಕೆಟ್ ಅನ್ನು ರಬ್ಬರ್ ತುಂಡುಗಳ ನಡುವೆ ಇಟ್ಟು, 9 ಬೋಲ್ಟ್ ಹಾಕಿ, ಸೀದಾ ಸ್ಪೋಕ್‌ಗಳಿಗೇ ಬಿಗಿಯುತ್ತಾರೆ. 36 ಸ್ಪೋಕ್‌ನ ಚಕ್ರಕ್ಕೆ ಆ ಲೆಕ್ಕ ಸರಿಹೋಗುತ್ತೆ. ನಮ್ಮ ಹಳೇ ಕಪ್ಪು ಸೈಕಲ್‌ಗಳ ಹಿಂದಿನ ಚಕ್ರದಲ್ಲಿ ಸಾಮಾನ್ಯವಾಗಿ 40 ಸ್ಪೋಕ್. ಬೋಲ್ಟ್‌ಗಳು ಸಮನಾಗಿ ಕೂರಲ್ಲ, ಸ್ಪ್ರಾಕೆಟ್ ಓಲಾಡುತ್ತೆ, ಒಂದೊಂದೇ ಸ್ಪೋಕ್ ಮುರಿಯುತ್ತೆ.

ಮೂರನೆಯದು ಚೈನ್ ಬಿಗಿ ಮಾಡೋ ಪುಟ್ಟ ರಾಟೆ. ಅದು ಅದುರಿ ಸಡಿಲಾಗಿ ಒಳಗೆ ತಿರುಗಿದ್ರೆ ಸೀದಾ ಸ್ಪೋಕ್‌ಗಳ ನಡುವೆ ಹೋಗುತ್ತೆ. ಹಿಂದಿನ ಚಕ್ರ ಆ ಕ್ಷಣಕ್ಕೇ ಜಾಮ್. ಜೊತೆಗೆ ಪೆಟ್ರೋಲ್ ಪೈಪ್ ಸೋರಿದ್ರೆ ಕೆಳಗೇ ಬಿಸಿ ಇಂಜಿನ್ ಇದೆ, ಮೇಲೆ ನೀವಿದ್ದೀರಿ. ಓಡಿಸೋರು ದಿನಾ ಬೆಳಿಗ್ಗೆ ಪಾನಾ ಹಿಡಿದು ಎಲ್ಲಾ ನಟ್ಟು ಮುಟ್ಟಿ ನೋಡಲೇಬೇಕು. ರೈಲಿಗೆ ಹತ್ತೇ ನಿಮಿಷ ಇರುವಾಗ ಅದನ್ನ ಮಾಡೋರು ಯಾರು ಹೇಳಿ?

ಕಾನೂನು ಏನು ಹೇಳುತ್ತೆ?

‘ಸೈಕಲ್ ತಾನೇ, ಲೈಸೆನ್ಸ್ ಯಾಕೆ?’ ಅನ್ನೋದು ಸಾಮಾನ್ಯ ಮಾತು. 1988ರ ಮೋಟಾರು ವಾಹನ ಕಾಯ್ದೆ ಬೇರೆಯೇ ಹೇಳುತ್ತೆ. ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಇಂಜಿನ್ 25 ಸಿಸಿ ಮೀರದಿದ್ರೆ ಮಾತ್ರ ಅದು ಮೋಟಾರು ವಾಹನ ಅಲ್ಲ. 49 ಸಿಸಿ ಕಿಟ್ ಹಾಕಿದ ಕ್ಷಣ ನಿಮ್ಮ ಸೈಕಲ್ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನ. ಅದಕ್ಕೆ ನೋಂದಣಿ ಬೇಕು, ಲೈಸೆನ್ಸ್ ಬೇಕು, ವಿಮೆ ಬೇಕು, ಹೆಲ್ಮೆಟ್ ಬೇಕು. ಕೆಎ 08 ನಂಬರ್ ಹಾಕಿಸ್ಕೊಂಡ್ರಾಯ್ತು ಅಂದ್ಕೊಂಡ್ರೆ ಅದೂ ಸುಲಭ ಅಲ್ಲ. ರಸ್ತೆಗೆ ಬರೋ ಮಾದರಿಯನ್ನು ತಯಾರಕರು ಮೊದಲೇ ಪರೀಕ್ಷೆಗೆ ಕೊಟ್ಟು ಒಪ್ಪಿಗೆ ಪಡೆದಿರಬೇಕು. ಮನೇಲಿ ಜೋಡಿಸಿದ ಸೈಕಲ್‌ಗೆ ಆ ಕಾಗದ ಎಲ್ಲಿಂದ ತರ್ತೀರಿ?

ದಂಡಕ್ಕಿಂತ ದೊಡ್ಡ ವಿಷಯ ವಿಮೆ. ನೋಂದಣಿ ಇಲ್ಲದ ಗಾಡಿಗೆ ವಿಮೆ ಸಿಗಲ್ಲ. ರಸ್ತೆ ದಾಟ್ತಿದ್ದ ಒಬ್ಬ ಅಜ್ಜಿಗೆ ತಗುಲಿ ಮೂಳೆ ಮುರೀತು ಅಂತಿಟ್ಟುಕೊಳ್ಳಿ. ಆಸ್ಪತ್ರೆ ಖರ್ಚು, ಪರಿಹಾರ ಎಲ್ಲಾ ನಿಮ್ಮ ಜೇಬಿಂದಲೇ ಹೋಗಬೇಕಾಗುತ್ತೆ. ಉಳಿಸಿದ ಆಟೋ ದುಡ್ಡು ಅದರ ಮುಂದೆ ಏನೂ ಅಲ್ಲ.

ಮನೇಲಿ ತಮ್ಮನೋ ಮಗನೋ ಇದ್ರೆ ಇನ್ನೊಂದು ಮಾತು. ಸೈಕಲ್ ಅಂದ್ರೆ ಹುಡುಗರು ಕೇಳದೇ ತಗೊಂಡು ಹೋಗ್ತಾರೆ. 2019ರ ತಿದ್ದುಪಡಿ ಪ್ರಕಾರ 18 ತುಂಬದವರು ಮೋಟಾರು ವಾಹನ ಓಡಿಸಿ ಅಪರಾಧ ಮಾಡಿದ್ರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಹಾಗಾದ್ರೆ ದಾರಿ ಏನು?

ಇಂಜಿನ್ ಕೆಲಸ ಕಲಿಯೋ ಆಸೆ ಇದ್ರೆ ಕಿಟ್ ಒಳ್ಳೇ ಪಾಠವೇ. ಸ್ವಂತ ಜಾಗದಲ್ಲಿ, ಗೇಟ್ ಒಳಗೆ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ. ಕಾರ್ಬ್ಯುರೇಟರ್, ಕ್ಲಚ್, ಮ್ಯಾಗ್ನೆಟೊ ಎಲ್ಲಾ ಕೈಗೆ ಸಿಗುತ್ತೆ. ರಸ್ತೆಗೆ ಮಾತ್ರ ತರಬೇಡಿ.

ಸ್ಟೇಷನ್‌ಗೆ ಹೋಗೋದೇ ಮುಖ್ಯ ಅಂದ್ರೆ ಎಲೆಕ್ಟ್ರಿಕ್ ಕಿಟ್ ನೋಡಿ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ತುಳಿಯೋದು ನಿಲ್ಲಿಸಿದ್ರೆ ಅಥವಾ ಗಂಟೆಗೆ 25 ಕಿ.ಮೀ. ಮುಟ್ಟಿದ್ರೆ ಮೋಟಾರ್ ತಾನೇ ಬಿಟ್ಟುಕೊಡಬೇಕು. ಇಂಥ ಸೈಕಲ್‌ಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವಿನಾಯಿತಿ ಇದೆ. ಡಬ್ಬಿ ಮೇಲೆ 350, 500 ವ್ಯಾಟ್ ಅಂತ ಇದ್ರೆ ಆ ವಿನಾಯಿತಿ ಇಲ್ಲ. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹಿಡಿಯೋದು 360 ವ್ಯಾಟ್ ಅವರ್, ಅಂದ್ರೆ ಅರ್ಧ ಯೂನಿಟ್ ಕರೆಂಟೂ ಅಲ್ಲ. ಪೆಟ್ರೋಲ್ ಲೀಟರ್‌ಗೆ 100 ದಾಟಿರೋವಾಗ ಲೆಕ್ಕ ನೀವೇ ಹಾಕಿ. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟ್ ತರಿಸಿಕೊಂಡ ಊರು ನಮ್ಮದು, ಕರೆಂಟ್ ಗಾಡಿಗೆ ಹಿಂಜರಿಯೋದು ಯಾಕೆ?

ಇಲ್ಲೂ ಹಳೇ ಸೈಕಲ್‌ನ ಸ್ಪೋಕ್ ಲೆಕ್ಕ ಬಿಡಲ್ಲ. ಹಬ್ ಮೋಟಾರಿಗೆ ಸಾಮಾನ್ಯವಾಗಿ 36 ತೂತಿನ ರಿಮ್ ಬೇಕು, ರಿಮ್ ಸಮೇತ ಬರೋ ಕಿಟ್ ತಗೊಳ್ಳಿ. ಆಕ್ಸಲ್ ಜಾರದ ಹಾಗೆ ತಡೆಪಟ್ಟಿ ಹಾಕಿಸಿ. ಬ್ರೇಕ್ ರಬ್ಬರ್ ಹೊಸದು ಹಾಕಿಸಿ. ಬ್ಯಾಟರಿ ಚಾರ್ಜ್‌ಗೆ ಇಟ್ಟು ರಾತ್ರಿಯಿಡೀ ಮಲಗಬೇಡಿ.

ಇಷ್ಟೆಲ್ಲಾ ಮಾಡೋ ಮುಂಚೆ ಒಂದು ಭಾನುವಾರ ಸೈಕಲ್ ಅನ್ನು ಅಂಗಡಿಗೆ ತಗೊಂಡು ಹೋಗಿ ಬೇರಿಂಗ್ ತೊಳೆಸಿ, ಗ್ರೀಸ್ ಹಾಕಿಸಿ, ಚೈನ್‌ಗೆ ಎಣ್ಣೆ ಬಿಡಿಸಿ, ಟೈರಿಗೆ ಪೂರ್ತಿ ಗಾಳಿ ಹಿಡಿಸಿ. ಒಂದು ವಾರ ಸ್ಟೇಷನ್‌ವರೆಗೆ ತುಳಿದು ನೋಡಿ. ಎರಡು ಕಿಲೋಮೀಟರಿಗೆ ಎಂಟು ಹತ್ತು ನಿಮಿಷ ಸಾಕು. ಆಮೇಲೂ ಮೋಟಾರ್ ಬೇಕು ಅನ್ನಿಸಿದ್ರೆ ತಗೊಳ್ಳಿ, ದುಡ್ಡು ಎಲ್ಲೂ ಓಡಿಹೋಗಲ್ಲ.