ಮತ್ತಿನ ಮದ್ದೂ ರೋಗಿಯ ಉಸಿರೂ



ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದ ಒಬ್ಬರು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಸುದ್ದಿ ಕೇಳಿ ಓಡಿದವರಲ್ಲಿ ನಾನೂ ಒಬ್ಬ. ಸುಸ್ತಾಗಿದ್ದಾರೆಂದು ಹಾಲು ಹಾಕಿದ ಬಿಸಿ ಚಾ ಕುಡಿಸಿದವನೂ ನಾನೇ. ಆಸ್ಪತ್ರೆಯಲ್ಲಿ ಮತ್ತು ಕೊಡುವ ಡಾಕ್ಟರು ಮೊದಲು ಕೇಳಿದ್ದು, "ಏನು ತಿಂದಿದ್ದಾರೆ? ಎಷ್ಟು ಹೊತ್ತಿಗೆ?" ಎಂದು. ನನ್ನ ಆ ಒಂದು ಲೋಟ ಚಾದಿಂದ ಶಸ್ತ್ರಕ್ರಿಯೆ ಗಂಟೆಗಟ್ಟಲೆ ಮುಂದೆ ಹೋಯಿತು. ನಾನು ಓದಿದ್ದು ಕೃಷಿ ಡಿಪ್ಲೊಮಾ, ವೈದ್ಯಕೀಯವಲ್ಲ. ಆದರೂ ಆ ಡಾಕ್ಟರಿಂದ ಕೇಳಿ, ಅನಂತರ ಓದಿ ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ.

1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಿ ತೋರಿಸಿದರು. ಅದಕ್ಕೆ ಮೊದಲು ರೋಗಿಯನ್ನು ನಾಲ್ಕಾರು ಮಂದಿ ಅದುಮಿ ಹಿಡಿಯುತ್ತಿದ್ದರು. ಮರುವರ್ಷವೇ ಕ್ಲೋರೋಫಾರಂ ಬಂತು. ನೋವೇನೋ ಹೋಯಿತು, ಆದರೆ ಕೆಲವರು ಮೇಜಿನ ಮೇಲೆಯೇ ಥಟ್ಟನೆ ತೀರಿಕೊಂಡರು. ಮೊದಲು ನಿಲ್ಲುವುದು ಹೃದಯವೋ ಉಸಿರೋ? ಇದನ್ನು ಪರೀಕ್ಷಿಸಲು 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗ ಕುಳಿತದ್ದು ಹೈದರಾಬಾದಿನಲ್ಲಿ. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ನಿಜಾಮರು ಹಣ ಕೊಟ್ಟರು; ಅಲ್ಲಿನ ವೈದ್ಯಶಾಲೆಯ ಎಡ್ವರ್ಡ್ ಲಾರಿ ಮುಂದಾಳಾದರು; ಎರಡನೆಯ ಸಲ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರೇ ಮೊದಲು ನಿಲ್ಲುತ್ತದೆ, ಆದುದರಿಂದ ಮತ್ತು ಕೊಡುವವರು ಉಸಿರಿನ ಮೇಲೆಯೇ ಕಣ್ಣಿಡಬೇಕು ಎಂದು ತೀರ್ಪಿತ್ತರು. ಲಾರಿಯವರ ಶಿಷ್ಯೆ ರೂಪಾಬಾಯಿ ಫರ್ದುನ್‌ಜಿ ಅಲ್ಲಿಯ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಕೊಡುವ ವೈದ್ಯೆಯಾದರು. ಆ ಕಾಲಕ್ಕೆ ಹೆಂಗಸೊಬ್ಬರು ಈ ಕೆಲಸಕ್ಕೆ ನಿಂತದ್ದು ಸಣ್ಣ ಮಾತಲ್ಲ.

ಆದರೆ ತೀರ್ಪು ಅರ್ಧ ಮಾತ್ರ ಸರಿಯಾಗಿತ್ತು. ಕ್ಲೋರೋಫಾರಂ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ಎಂಬವರು ತೋರಿಸಿಕೊಟ್ಟರು. ಈಗ ಶಸ್ತ್ರಕ್ರಿಯೆಗೆ ಆ ಮದ್ದನ್ನು ಬಳಸುವುದಿಲ್ಲ. ಉಸಿರು, ನಾಡಿ ಎರಡನ್ನೂ ಕ್ಷಣಕ್ಷಣಕ್ಕೂ ನೋಡುತ್ತಾರೆ. 2020ರ ಕರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಸಣ್ಣ ಯಂತ್ರ ನೆನಪಿದೆಯಷ್ಟೆ? ಶಸ್ತ್ರಕ್ರಿಯೆಯ ಕೋಣೆಯಲ್ಲೂ ರೋಗಿಯ ಬೆರಳಿಗೆ ಅಂಥದನ್ನೇ ಹಾಕಿರುತ್ತಾರೆ.

ಈಗ ನನ್ನ ಚಾದ ವಿಷಯ. ಎಚ್ಚರವಿದ್ದಾಗ ಅನ್ನ ನೆತ್ತಿಗೆ ಹತ್ತಿದರೆ ಕೆಮ್ಮಿ ಹೊರಹಾಕುತ್ತೇವೆ. ಪೂರ್ತಿ ಮತ್ತು ಕೊಟ್ಟಾಗ ಗಂಟಲಿನ ಆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿ ಲಘು ಊಟ, ಹಾಲು, ಹಾಲಿನ ಚಾ ಆದ ಮೇಲೆ 6 ಗಂಟೆ, ಎಣ್ಣೆ ಜಿಡ್ಡಿನ ಊಟಕ್ಕೆ 8 ಗಂಟೆ, ಬರಿಯ ನೀರಿಗೆ 2 ಗಂಟೆ ಬಿಡಬೇಕೆನ್ನುತ್ತಾರೆ. ಮರದಿಂದ ಬಿದ್ದವರಲ್ಲಿ ನೋವಿನಿಂದಾಗಿ ಹೊಟ್ಟೆ ಖಾಲಿಯಾಗುವುದು ಇನ್ನೂ ನಿಧಾನ. ಕಾಲಿನ ಶಸ್ತ್ರಕ್ರಿಯೆಗೆ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದುಂಟು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ತೋರಿಸಿದ ಉಪಾಯ ಅದು. ನಡುವೆ ಪೂರ್ತಿ ಮತ್ತು ಬೇಕಾದರೂ ಬೇಕಾದೀತೆಂದು ಆಗಲೂ ಹೊಟ್ಟೆ ಖಾಲಿ ಇರಲೆನ್ನುತ್ತಾರೆ. ತುರ್ತಾದರೆ ಕಾಯದೆ ಬೇರೆ ಎಚ್ಚರಿಕೆಗಳೊಡನೆ ನಡೆಸುತ್ತಾರೆ. ಆದರೆ ತಿಂದದ್ದನ್ನು ಮಾತ್ರ ಮುಚ್ಚಿಡಬಾರದು.

ಇನ್ನು ಕವಳ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬಹುಕಾಲ ಅಡಿಕೆ, ಗುಟ್ಕಾ ಜಗಿದ ಕೆಲವರಿಗೆ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಪೂರ್ತಿ ಮತ್ತು ಕೊಟ್ಟಾಗ ಉಸಿರಾಟಕ್ಕಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು ವಾಡಿಕೆ. ಬಾಯಿಯೇ ತೆರೆಯದಿದ್ದರೆ? ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಸದಿದ್ದರೆ ಮೊದಲೇ ತಿಳಿಸಿ; ಬಗ್ಗುವ ಸಣ್ಣ ದುರ್ಬೀನು ಕೊಳವೆಯಿಂದ ಮೂಗಿನ ದಾರಿ ಹಿಡಿಯುವ ಉಪಾಯವಿದೆ, ಸಿದ್ಧತೆ ಬೇಕು ಅಷ್ಟೆ. ಶಸ್ತ್ರಕ್ರಿಯೆ ಇರಲಿ ಬಿಡಲಿ, ಅಂಥವರು ಬಾಯಿಯನ್ನು ಡಾಕ್ಟರಿಗೆ ತೋರಿಸಲೇಬೇಕು. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುವುದುಂಟು.

ಪಕ್ಕೆಲುಬು ಮುರಿದವರು ಹಲ್ಲು ಕಚ್ಚಿ ನೋವು ನುಂಗುವುದನ್ನು ಕಂಡಿದ್ದೇನೆ. ನೋವಿಗೆ ಹೆದರಿ ಅವರು ಉಸಿರನ್ನು ಪೂರ್ತಿ ಎಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಅಲ್ಲಿ ನೋವು ಕಡಿಮೆ ಮಾಡುವುದೂ ಚಿಕಿತ್ಸೆಯ ಭಾಗವೇ. "ನೋವಿದೆಯೇ?" ಎಂದು ಕೇಳಿದರೆ ಇದ್ದಷ್ಟನ್ನೂ ಹೇಳಿ.

ಯಾರಾದರೂ ಬಿದ್ದರೆ 108ಕ್ಕೆ ಫೋನು ಮಾಡಿ, ಬೆನ್ನು ಕತ್ತು ಅಲುಗಿಸದೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಗಾಡಿ ಬರುವಷ್ಟರಲ್ಲಿ ಒಂದು ಚೀಟಿ ಬರೆಯಿರಿ: ಬಿದ್ದ ಹೊತ್ತು, ಕಡೆಯ ಸಲ ಉಂಡ ಹೊತ್ತು, ಕವಳ ಬೀಡಿ ಕುಡಿತಗಳ ಅಭ್ಯಾಸ, ದಿನವೂ ತೆಗೆದುಕೊಳ್ಳುವ ಮಾತ್ರೆ, ಹಿಂದೆ ಮತ್ತು ಕೊಟ್ಟಾಗ ಆದ ತೊಂದರೆ. ಅದನ್ನು ರೋಗಿಯ ಜೊತೆ ಹೋಗುವವರ ಕೈಯಲ್ಲಿ ಕೊಡಿ.