ಮನೆಯೂ ಭಜನೆ, ಕುಣಿತವೂ ಭಜನೆ

ಮಧುಗಿರಿಯಿಂದ ಪಾವಗಡಕ್ಕೆ ಹೊರಟವರು ನಡುವೆ ಒಂದಷ್ಟು ದೂರ ಆಂಧ್ರದ ನೆಲ ಹಾಯ್ದೇ ಹೋಗಬೇಕು. ಪಾವಗಡ ತುಮಕೂರು ಜಿಲ್ಲೆಯದೇ ತಾಲ್ಲೂಕಾದರೂ ಉಳಿದ ತಾಲ್ಲೂಕುಗಳಿಗೆ ಅಂಟಿಕೊಂಡಿಲ್ಲ. ಮಡಕಶಿರಾ ಸೀಮೆ ಮಧ್ಯೆ ಬಂದು ಕೂತಿದೆ. ಬಸ್ಸಿನಲ್ಲಿದ್ದವರ ಮಾತು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಯಾವಾಗ ಹೊರಳುತ್ತದೆಂದು ಗೊತ್ತೇ ಆಗುವುದಿಲ್ಲ. ಆ ಗಡಿ ಸೀಮೆಯ ಒಂದು ಊರಿನಲ್ಲಿ ಇಳಿದೆ. ನೋಡಬೇಕೆಂದುಕೊಂಡಿದ್ದು ಅಲ್ಲಿನ ಭಜನೆ ಮನೆ.

ಯಾಕೆ ಎಂದು ಕೇಳಿದರೆ ನಗು ಬರಬಹುದು: ಟ್ಯಾಂಗೊ. ದಕ್ಷಿಣ ಅಮೆರಿಕದ ಆ ಜೋಡಿ ಕುಣಿತದ ಬಗ್ಗೆ ಓದುವಾಗ ಕುಣಿತಕ್ಕಿಂತ ಅದರ ಹೆಸರಿನ ಕತೆಯೇ ಸ್ವಾರಸ್ಯ ಅನ್ನಿಸಿತ್ತು. 19ನೇ ಶತಮಾನದ ಆರಂಭದಲ್ಲಿ ಬ್ಯೂನಸ್ ಐರಿಸ್, ಮಾಂಟೆವಿಡಿಯೊ ಪಟ್ಟಣಗಳಲ್ಲಿ ಆ ಹೆಸರು ಜೋಡಿ ಕುಣಿತದ್ದಾಗಿರಲಿಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಸೇರುತ್ತಿದ್ದ ಜಾಗ ಟ್ಯಾಂಗೊ, ಅಲ್ಲಿ ನೆರೆದ ಕೂಟ ಟ್ಯಾಂಗೊ, ಅವರು ಬಡಿಯುತ್ತಿದ್ದ ವಾದ್ಯವೂ ಕುಣಿಯುತ್ತಿದ್ದ ಕುಣಿತವೂ ಟ್ಯಾಂಗೊ. ಇಂದು ನಾವು ಟ್ಯಾಂಗೊ ಅನ್ನುವ ಕುಣಿತ ರೂಪುಗೊಂಡದ್ದು ಅದೇ ಶತಮಾನದ ಕೊನೆಯ ಹೊತ್ತಿಗೆ. ಇದನ್ನು ಓದಿದಾಗ ನಮ್ಮ ಕಡೆಯ ‘ಭಜನೆ’ ನೆನಪಾಯಿತು. “ಭಜನೆ ಹತ್ರ ಇರು, ಬತ್ತೀನಿ” ಅಂದರೆ ಕಟ್ಟಡ. “ಭಜನೆ ಬಂತು” ಅಂದರೆ ಮೇಳ. “ಒಂದು ಭಜನೆ ಹೇಳು” ಅಂದರೆ ಹಾಡು. ಪಾವಗಡದ ಕಡೆ ಚಕ್ಕಭಜನೆ ಅಂದರೆ ಕುಣಿತ. ಇಷ್ಟೆಲ್ಲ ಒಂದೇ ಹೆಸರಿನಲ್ಲಿ ಹೇಗೆ ಹಿಡಿಸಿದೆ, ನೋಡೋಣ ಎಂದು ಹೊರಟೆ.

ಬಸ್ ನಿಲ್ಲುವ ಕಡೆಯಿಂದ ಹತ್ತಿರವೇ. ಬಲಕ್ಕೆ ಹಾಲಿನ ಡೇರಿ, ಪಕ್ಕದಲ್ಲಿ ಚಿಲ್ಲರೆ ಅಂಗಡಿ, ಅಂಗಡಿಯ ಮುಂದೆ ಕಡಲೆಕಾಯಿ ಮೂಟೆಗಳು. ಮುಂದೆ ಅರಳಿಯೂ ಬೇವೂ ಸೇರಿ ಬೆಳೆದ ಕಟ್ಟೆ, ಅದರ ಮೇಲೆ ನಾಗರಕಲ್ಲುಗಳು. ಕಟ್ಟೆಯ ಎದುರಿಗೇ ಭಜನೆ ಮನೆ. ಗೋಪುರ ಗೀಪುರ ಏನೂ ಇಲ್ಲ. ಮುಂದೆ ಕಲ್ಲುಕಂಬದ ಜಗಲಿ, ಹಿಂದೆ ಒಂದೇ ಕೋಣೆ, ಮೇಲೆ ಕಲ್ಲು ಚಪ್ಪಡಿ. ಚಪ್ಪಡಿಗಳನ್ನು ಮಧುಗಿರಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ತಂದದ್ದು ಎಂದು ಒಬ್ಬರು ಹೇಳಿದರು, ಊರ ಬಂಡೆಯಲ್ಲೇ ಎಬ್ಬಿಸಿದ್ದು ಎಂದು ಇನ್ನೊಬ್ಬರು. ಎರಡೂ ನಂಬುವಂಥ ಮಾತೇ; ಈ ಸೀಮೆಯಲ್ಲಿ ನೀರಿಗೆ ಬರವಿರಬಹುದು, ಕಲ್ಲಿಗೆ ಇಲ್ಲ. ಗೋಡೆಗೆ ಈಚೆಗೆ ಹಸಿರು ಬಣ್ಣ ಬಳಿದಿದ್ದಾರೆ. ಕಂಬಗಳಿಗೂ ಅದೇ ಬಣ್ಣ. ಒಂದು ಕಂಬದ ಮೇಲೆ ಏನೋ ಕೆತ್ತನೆ ಬೆರಳಿಗೆ ಸಿಕ್ಕಿತು. ಹನುಮನಿರಬೇಕು, ಬಣ್ಣದ ಪದರದಡಿ ಬಾಲದಂತೆ ಒಂದು ಸುರುಳಿ ಮಾತ್ರ ತಿಳಿಯುತ್ತದೆ.

ಬಾಗಿಲಿಗೆ ಬೀಗ. ಜಗಲಿಯ ಮೇಲೆ ಕೂತಿದ್ದ ಹಿರಿಯರು “ಬನ್ನಿ ಸ್ವಾಮಿ, ಕುಂತ್ಕಳಿ, ಬೀಗದ ಕೈ ತರುಸ್ತೀನಿ” ಎಂದು ಹುಡುಗನೊಬ್ಬನನ್ನು ಓಡಿಸಿದರು. ಕಾಯುತ್ತಾ ಅಂಗಳ ನೋಡಿದೆ. ನಡುವೆ ಒಂದು ಕಲ್ಲುಕಂಬ, ಅದರ ತುದಿಗೆ ಕಬ್ಬಿಣದ ಬಳೆ. ದೀಪಕ್ಕೋ ಬಾವುಟಕ್ಕೋ ಎಂದು ಕೇಳಿದೆ. “ಅದು ಜಡೆ ಕೋಲಾಟಕ್ಕೆ” ಅಂದರು. ಬಳೆಗೆ ಬಣ್ಣಬಣ್ಣದ ಹಗ್ಗ ಇಳಿಬಿಡುತ್ತಾರೆ. ಒಬ್ಬೊಬ್ಬರ ಎಡಗೈಗೂ ಒಂದೊಂದು ಹಗ್ಗ, ಬಲಗೈಲಿ ಕೋಲು. ಒಬ್ಬರ ಒಳಗೆ ನುಸುಳಿ, ಇನ್ನೊಬ್ಬರ ಹೊರಗೆ ಸುತ್ತಿ ಕುಣಿದರೆ ಮೇಲಿಂದ ಜಡೆ ಹೆಣೆಯುತ್ತಾ ಬರುತ್ತದೆ. ಆಮೇಲೆ ಅದೇ ಹೆಜ್ಜೆಯನ್ನು ತಿರುವುಮುರುವು ಹಾಕಿ ಬಿಚ್ಚಬೇಕು. “ಹೆಣೆಯಾದು ಯಾರಾದ್ರೂ ಹೆಣೀತಾರೆ. ಬಿಚ್ಚಾಕಾಗ್ದೆ ಹಗ್ಗ ಕುಯ್ದಿರೋದೂ ಉಂಟು” ಎಂದು ನಕ್ಕರು.

ಬೀಗ ತೆಗೆದರು. ಒಳಗೆ ಎಣ್ಣೆ, ಊದುಬತ್ತಿ, ಮುಚ್ಚಿಟ್ಟ ಮನೆಯ ಕಮಟು. ವಿಗ್ರಹವಿಲ್ಲ, ಪಟಗಳಷ್ಟೇ: ನಡುವೆ ರಾಮ ಪಟ್ಟಾಭಿಷೇಕ, ಒಂದು ಬದಿಗೆ ಆಂಜನೇಯ, ಇನ್ನೊಂದು ಬದಿಗೆ ಪಾಂಡುರಂಗ. ಅರ್ಚಕರೂ ಇಲ್ಲ, ಮನೆಗಳವರು ಸರದಿಯ ಮೇಲೆ ದೀಪ ಹಚ್ಚುತ್ತಾರೆ. ಶನಿವಾರ ರಾತ್ರಿ ಭಜನೆ, ಧನುರ್ಮಾಸದಲ್ಲಿ ಬೆಳಗಿನ ಜಾವ, ರಾಮನವಮಿಗೆ ಪಾನಕ ಕೋಸಂಬರಿ. ಒಂದು ಹಗಲು ಒಂದು ರಾತ್ರಿ ಹಾಡು ನಿಲ್ಲದಂತೆ ನಡೆಸುವ ಏಕಾಹ ಈಗಲೂ ಉಂಟಂತೆ. ಏಳು ದಿನದ ಸಪ್ತಾಹಕ್ಕೆ ಸರದಿಗೆ ಜನ ಸಾಲದೆ ಕೈಬಿಟ್ಟಿದ್ದಾರೆ.

ಮೂಲೆಯಲ್ಲಿ ಬಟ್ಟೆ ಹೊದಿಸಿದ ಹಾರ್ಮೋನಿಯಂ. ಟ್ಯಾಂಗೊ ಮತ್ತೆ ತಲೆಗೆ ಬಂದದ್ದು ಇಲ್ಲಿ. ಟ್ಯಾಂಗೊ ಸಂಗೀತದ ಜೀವ ಬ್ಯಾಂಡೊನಿಯನ್ ಎಂಬ ತಿದಿ ವಾದ್ಯ. ಎರಡು ಕೈಗಳ ನಡುವೆ ಹಿಗ್ಗಿಸಿ ಕುಗ್ಗಿಸುತ್ತಾ ಗುಂಡಿ ಒತ್ತಿ ನುಡಿಸುತ್ತಾರೆ. ಜರ್ಮನಿಯಲ್ಲಿ 19ನೇ ಶತಮಾನದ ನಡುವೆ ಹುಟ್ಟಿ, ವಲಸೆಗಾರರ ಜೊತೆ ಹಡಗೇರಿ ಹೋದದ್ದು. ನಮ್ಮ ಹಾರ್ಮೋನಿಯಂನ ಮೂಲ ಪ್ಯಾರಿಸ್‌ನಲ್ಲಿ, 1840ರ ದಶಕದ್ದು. ಮೊದಲು ಕಾಲಲ್ಲಿ ತುಳಿಯುವ ದೊಡ್ಡ ಪೆಟ್ಟಿಗೆ, ಆಮೇಲೆ ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಟ್ಟಿತು. ಎರಡರ ಒಳಗೂ ನಾದ ಹುಟ್ಟುವುದು ಗಾಳಿಗೆ ಅದುರುವ ತೆಳುವಾದ ಲೋಹದ ನಾಲಿಗೆಯಿಂದ. ಶಾಸ್ತ್ರೀಯ ಸಂಗೀತಕ್ಕೆ ಒಗ್ಗದ ವಾದ್ಯವೆಂದು ನಮ್ಮ ದೇಶದ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಅಷ್ಟೂ ವರ್ಷ ಹಳ್ಳಿಯ ನಾಟಕ, ಭಜನೆಗಳಲ್ಲಿ ಅದು ತನ್ನ ಪಾಡಿಗೆ ನುಡಿಯುತ್ತಲೇ ಇತ್ತು.

ಹಾರ್ಮೋನಿಯಂ ಮೇಲೆ ರಟ್ಟು ಕಿತ್ತುಹೋದ ನೋಟ್‌ಬುಕ್. ತೆರೆದರೆ ಕನ್ನಡ ಅಕ್ಷರ. ಓದಲು ಹೋದರೆ ತೆಲುಗು. ಎರಡು ಪುಟ ತೆಲುಗು ಕೀರ್ತನೆ, ಮೂರನೆಯದು ಪುರಂದರದಾಸರ ಅಂಕಿತವಿರುವ ಕನ್ನಡ ಪದ, ಮತ್ತೆ ತೆಲುಗು. ಅಂಚಿನಲ್ಲಿ ಯಾರೋ ತಾಳದ ಗುರುತು ಹಾಕಿದ್ದಾರೆ, ಒಂದು ಕಡೆ ಕಾಫಿ ಪುಡಿಯ ಲೆಕ್ಕವೂ ಇದೆ.

ಗೋಣಿಚೀಲದಿಂದ ಹಿರಿಯರು ಚಕ್ಕೆಗಳನ್ನು ತೆಗೆದು ಕೊಟ್ಟರು. ಅಂಗೈಯಗಲದ ಎರಡು ಮರದ ತುಂಡು. ಒಂದಕ್ಕೆ ಹೆಬ್ಬೆರಳು ತೂರಿಸಲು ಬಳೆ, ಇನ್ನೊಂದಕ್ಕೆ ಉಳಿದ ಬೆರಳುಗಳಿಗೆ. ಸೀಳಿದ ಸಂದಿನಲ್ಲಿ ಹಿತ್ತಾಳೆಯ ಪುಟ್ಟ ಬಿಲ್ಲೆಗಳು. ಹೆಬ್ಬೆರಳು ತಾಗುವ ಕಡೆ ಮರ ಸವೆದು ನುಣುಪಾಗಿದೆ. ಹೊನ್ನೆಯೋ ಹಲಸೋ, ಅಲ್ಲಿದ್ದವರಲ್ಲೇ ಒಮ್ಮತವಿರಲಿಲ್ಲ. ಬೆರಳು ಮಡಿಸಿದರೆ ಮರದ ‘ಟಕ್’ ಮೊದಲು, ಬಿಲ್ಲೆಗಳ ‘ಝಣ್’ ಆಮೇಲೆ. ಎರಡೂ ಒಟ್ಟಿಗೆ ಬರಬೇಕಂತೆ. ನನ್ನ ಕೈಲಿ ಬರಲಿಲ್ಲ.

ಹೊರಗೆ ಬಂದ ಮೇಲೆ, ಕೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಲೇ ಕೇಳಿದೆ: “ಯಜಮಾನ್ರೆ, ಒಳಕ್ಕೆ ಮೊದ್ಲಿಂದ್ಲೂ ಎಲ್ಲ ಬೀದಿಯವರೂ ಬರ್ತಿದ್ರಾ?” ಅವರು ಎಲೆ ಅಡಿಕೆ ಚೀಲ ಬಿಚ್ಚಿದರು. “ಈಗ್ಯಾರು ಕೇಳ್ತಾರೆ ಸ್ವಾಮಿ, ಬರಬೌದು” ಅಂದರು. ಬರುತ್ತಾರೆಯೇ ಎಂದು ಮತ್ತೆ ಕೇಳಿದ್ದಕ್ಕೆ, ಊರಾಚೆಯ ಬೀದಿಗೆ ಬೇರೆ ಭಜನೆ ಮನೆ ಇದೆ ಎಂದರು. ಅಲ್ಲಿಗೂ ನಡೆದು ಹೋದೆ. ಶೀಟಿನ ಮಾಡು, ಸಿಮೆಂಟ್ ನೆಲ, ಗೋಡೆಯ ಮೇಲೆ ರಾಮನ ಪಟದ ಪಕ್ಕದಲ್ಲೇ ಅಂಬೇಡ್ಕರ್ ಪಟ. ಚಕ್ಕೆಗಳು ಮಾತ್ರ ಒಂದೇ ತರಹದವು.

‘ಭಜ್’ ಎಂಬ ಧಾತುವಿಗೆ ಹಂಚು, ಪಾಲು ಪಡೆ ಎಂಬ ಅರ್ಥವಿದೆ. ಭಾಗ, ಭಕ್ತಿ, ಭಜನೆ, ವಿಭಜನೆ ಎಲ್ಲವೂ ಅದರ ಮಕ್ಕಳೇ. ಒಂದೇ ಊರಿನಲ್ಲಿ ಎರಡು ಭಜನೆ ಮನೆ ನೋಡಿದವನಿಗೆ ಕೊನೆಯ ಪದ ಬೇಗ ನೆನಪಾಗುತ್ತದೆ. ಟ್ಯಾಂಗೊ ಪದದ ಮೂಲ ಇಷ್ಟು ಖಚಿತವಲ್ಲ. ಆಫ್ರಿಕಾದ ಭಾಷೆಯೊಂದರಿಂದ ಬಂತು ಅನ್ನುವವರಿದ್ದಾರೆ, ಲ್ಯಾಟಿನ್ನಿನ ‘ಮುಟ್ಟು’ ಎಂಬ ಕ್ರಿಯಾಪದಕ್ಕೆ ಗಂಟು ಹಾಕುವವರಿದ್ದಾರೆ, ವಾದ್ಯದ ಸದ್ದೇ ಹೆಸರಾಯಿತು ಅನ್ನುವವರೂ ಇದ್ದಾರೆ. ಆ ಕುಣಿತಕ್ಕೂ ಬೀದಿಗಳ ಭೇದ ತಪ್ಪಿದ್ದಲ್ಲ. ಕರಿಯರ, ಬಡ ವಲಸೆಗಾರರ ಕೇರಿಗಳಲ್ಲಿ ಬೆಳೆದದ್ದನ್ನು ಸಿರಿವಂತರು ಮೂಗು ಮುರಿದು ದೂರವಿಟ್ಟರು. 1912–13ರ ಸುಮಾರಿಗೆ ಪ್ಯಾರಿಸ್ ಅದರ ಹುಚ್ಚು ಹಚ್ಚಿಕೊಂಡ ಮೇಲೆ ಅವರ ಮನೆಗಳಲ್ಲೂ ಬಾಗಿಲು ತೆರೆಯಿತು. ಒಂದೇ ನದಿಯ ಎರಡು ದಡದ ದೇಶಗಳು, ಅರ್ಜೆಂಟೀನಾ ಮತ್ತು ಉರುಗ್ವೆ, ಟ್ಯಾಂಗೊ ತಮ್ಮದು ಎನ್ನುತ್ತವೆ. 2009ರಲ್ಲಿ ಇಬ್ಬರ ಹೆಸರಿನಲ್ಲೂ ಅದು ಜಗತ್ತಿನ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಕತ್ತಲಾಗುವ ಹೊತ್ತಿಗೆ ಅರಳಿಕಟ್ಟೆಯ ಮುಂದಿನ ಅಂಗಳಕ್ಕೆ ಹುಡುಗರು ಬಂದರು. ಹಬ್ಬವೇನಿಲ್ಲ, ವಾಡಿಕೆಯ ಕಲಿಕೆ. ನಡುವೆ ದೀಪ, ಅದರ ಪಕ್ಕ ಕುತ್ತಿಗೆಗೆ ವಿಷಲ್ ತೂಗಿಹಾಕಿಕೊಂಡ ಗುರು. ಗುರು ಒಂದು ಸಾಲು ಎತ್ತುತ್ತಾರೆ, ಸುತ್ತ ನಿಂತವರು ಅದನ್ನೇ ಹೇಳುತ್ತಾ ಬಲಸುತ್ತಿನಲ್ಲಿ ಸಾಗುತ್ತಾರೆ. ಎಡಗಾಲು ಮುಂದಿಟ್ಟು ಬಗ್ಗಿ ಒಂದು ಚಕ್ಕೆ, ಹಿಂದೆ ಸರಿದು ಎರಡು. ವಿಷಲ್ ಊದಿದರೆ ಹೆಜ್ಜೆ ಬದಲು, ಮತ್ತೆ ಊದಿದರೆ ಪಕ್ಕದವನತ್ತ ತಿರುಗಿ ಜೋಡಿ. ಟ್ಯಾಂಗೊ ಕುಣಿಯುವ ಜೋಡಿಗಳು ಅಂಕಣದಲ್ಲಿ ಎಡಸುತ್ತಿಗೆ ಸಾಗುತ್ತವೆ, ಅಪ್ಪಿಕೊಂಡೇ ಕುಣಿಯುತ್ತವೆ. ಇಲ್ಲಿ ಬಲಸುತ್ತು, ಜೋಡಿಗಳ ನಡುವೆ ತೋಳಿನಷ್ಟು ದೂರ.

ಯಾರು ಯಾವ ಬೀದಿಯವರು ಎಂದು ನನಗೆ ತಿಳಿಯಲಿಲ್ಲ. ವಿರಾಮದಲ್ಲಿ ಗುರುವನ್ನೇ ಕೇಳಿದೆ. “ಎರಡೂ ಕಡೆಯೋರು ಅವ್ರೆ. ಸುತ್ತು ತುಂಬಬೇಕಲ್ಲ” ಅಂದರು. ಕಟ್ಟಡಕ್ಕಿರುವ ಭಜನೆ ಎಂಬ ಹೆಸರು ಊರನ್ನು ಎರಡು ಮಾಡಿದೆ, ಕುಣಿತಕ್ಕಿರುವ ಅದೇ ಹೆಸರು ಜನ ಸಾಲದೆ ಒಂದು ಮಾಡುತ್ತಿದೆ. ಇದನ್ನು ಬದಲಾವಣೆ ಅನ್ನಬೇಕೋ, ಅನಿವಾರ್ಯ ಅನ್ನಬೇಕೋ, ಒಂದು ಸಂಜೆಯ ನೋಟದಿಂದ ಹೇಳಲಾರೆ.

ಈ ಗಡಿ ಸೀಮೆಯ ಕಡೆ ಹೋದವರು ಕಣ್ಣಾಡಿಸಿದರೆ ಇಂಥ ಮನೆಗಳು ಸಿಗುತ್ತವೆ. ಶನಿವಾರ ಊಟದ ಹೊತ್ತು ಕಳೆದ ಮೇಲೆ ಹೋಗಿ. ನೋಡಲು ಬಂದವರ ಕೈಗೂ ತಾಳ ಕೊಡುತ್ತಾರೆ. ನಾನು ಕೇಳಿದ ಪ್ರಶ್ನೆಯನ್ನು ನೀವೂ ಕೇಳಿ ನೋಡಿ. ಆದರೆ ಎರಡು ಕಡೆ ಕೇಳಿ, ಜಗಲಿಯ ಮೇಲೊಮ್ಮೆ, ಅಂಗಳದಲ್ಲೊಮ್ಮೆ.