ಒಂಬತ್ತೊಂಬತ್ಲಿ ಎಂಬತ್ತೊಂದು; ಮುಂದಕ್ಕೆ ಎಣಿಸಿ ನೋಡಿ!

ಮೊಬೈಲ್ ಪರದೆಯ ಮೇಲೆ ಅಂಗೈಯಗಲವೂ ಇಲ್ಲದ ಒಂದು ಪಟ. ಅಡ್ಡಕ್ಕೆ 9, ಉದ್ದಕ್ಕೆ 9, ಒಟ್ಟು 81 ಮನೆ. ಪ್ರತಿ ಅಡ್ಡಸಾಲಿನಲ್ಲಿ, ಪ್ರತಿ ಕಂಬಸಾಲಿನಲ್ಲಿ, ಮೂರು ಮೂರರ ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಸುಡೊಕು ಆಟದ ನಿಯಮ ಇಷ್ಟೇ. ಕಲಿಯಲು ಒಂದು ನಿಮಿಷ ಸಾಕು. ಕೂಡುವ ಕಳೆಯುವ ತಂಟೆಯೂ ಇಲ್ಲ. ಕೂಡಿದರೂ ಮೊತ್ತ ಯಾವಾಗಲೂ 405ಕ್ಕೆ ನಿಲ್ಲುತ್ತದೆ. ಇಷ್ಟು ಸಾಧುವಾಗಿ ಕಾಣುವ ಪಟದ ಒಳಗೆ ಎಷ್ಟು ಜಾಗವಿದೆ ಎಂದು ಲೆಕ್ಕ ಹಾಕಹೊರಟವರು ಮಾತ್ರ ನಕ್ಷತ್ರಲೋಕಕ್ಕೆ ಹೋಗಿ ಮುಟ್ಟಿದ್ದಾರೆ!

ಆಟದ ವಯಸ್ಸು ದೊಡ್ಡದಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ ಅವರದೆಂದು ನಂಬಲಾದ ಒಗಟು 1979ರಲ್ಲಿ ಅಚ್ಚಾಯಿತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೂಲ್ಡ್ 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಅದನ್ನು ಕಂಡು ಮರುಳಾದರು. ಒಗಟು ಹೆಣೆಯುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು 6 ವರ್ಷ ಕೂತರು. 2004ರ ನವೆಂಬರ್ 12ರಂದು ಲಂಡನ್ನಿನ ‘ದಿ ಟೈಮ್ಸ್’ನಲ್ಲಿ ಅವರ ಮೊದಲ ಒಗಟು ಬಂತು. ಅದಾಗಿ 13 ವರ್ಷಕ್ಕೆ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ನಮ್ಮ ಬೆಂಗಳೂರಿಗೇ ಬಂದಿಳಿಯಿತು. ಗೂಲ್ಡ್ 6 ವರ್ಷ ತೇಯ್ದ ಕೆಲಸವನ್ನು ಇಂದು ಜೇಬಿನಲ್ಲಿರುವ ಫೋನ್ ‘ಹೊಸ ಆಟ’ ಎಂದು ಒತ್ತಿದೊಡನೆ ಮುಗಿಸಿಬಿಡುತ್ತದೆ. ಬಿಡಿಸುವುದಂತೂ ಕಂಪ್ಯೂಟರಿಗೆ ಲೆಕ್ಕಕ್ಕೇ ಇಲ್ಲ: ಸೆಕೆಂಡಿಗೆ ಸಾವಿರಾರು ಒಗಟು. ನಾವು ಮೊದಲ ಮನೆಯ ಮುಂದೆ ತಲೆ ಕೆರೆದುಕೊಳ್ಳುವಷ್ಟರಲ್ಲಿ ಅದು ಒಂದು ಪತ್ರಿಕೆಯ ಹತ್ತು ವರ್ಷದ ಸುಡೊಕುಗಳನ್ನು ತುಂಬಿ ಕೂತಿರುತ್ತದೆ.

ಆದರೆ ಆ ಕಂಪ್ಯೂಟರಿನ ಬೆವರಿಳಿಸಿದ ಪ್ರಶ್ನೆಯೂ ಒಂದಿದೆ. ಉತ್ತರ ಒಂದೇ ಒಂದು ಇರಬೇಕಾದರೆ ಕನಿಷ್ಠ ಎಷ್ಟು ಅಂಕಿಗಳನ್ನು ಮೊದಲೇ ಕೊಟ್ಟಿರಬೇಕು? 17 ಅಂಕಿ ಸಾಕಾಗುವ ಒಗಟುಗಳು ಸಾವಿರಗಟ್ಟಲೆ ಸಿಕ್ಕಿದ್ದವು. ಆಸ್ಟ್ರೇಲಿಯಾದ ಗಣಿತಜ್ಞ ಗಾರ್ಡನ್ ರಾಯ್ಲ್ ಅವರ ಸಂಗ್ರಹವೇ 49 ಸಾವಿರ ದಾಟಿತ್ತು. 16ರ ಒಗಟು ಒಂದೂ ಸಿಕ್ಕಿರಲಿಲ್ಲ. ಇಲ್ಲವೇ ಇಲ್ಲ ಎಂದು ಖಾತ್ರಿ ಮಾಡಲು ಡಬ್ಲಿನ್‌ನ ಗ್ಯಾರಿ ಮೆಗ್ವಾಯರ್ ಮತ್ತು ಸಂಗಡಿಗರು ಸೂಪರ್ ಕಂಪ್ಯೂಟರನ್ನೇ ಹೂಡಿದರು. 2012ರ ಮೊದಲ ದಿನ ಫಲಿತಾಂಶ ಹೊರಬಿತ್ತು: 16ರಲ್ಲಿ ಸಾಧ್ಯವಿಲ್ಲ. ತಗುಲಿದ ಸಮಯ 71 ಲಕ್ಷ ಪ್ರೊಸೆಸರ್ ಗಂಟೆ. ಒಂದೇ ಪ್ರೊಸೆಸರ್ ಈ ಕೆಲಸಕ್ಕೆ ಕೂತಿದ್ದರೆ 810 ವರ್ಷ! ಅಂದರೆ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಪಟ್ಟದಲ್ಲಿದ್ದಾಗ ಶುರು ಹಚ್ಚಿಕೊಂಡಿದ್ದರೆ 2012ಕ್ಕೆ ಉತ್ತರ ಕೈಗೆ ಬರುತ್ತಿತ್ತು.

17 ಅಂಕಿಯೂ ದಂಡ ಎನ್ನುವ ಮಹಾನುಭಾವರೂ ಇದ್ದಾರೆ. 2020ರಲ್ಲಿ ‘ಕ್ರ್ಯಾಕಿಂಗ್ ದ ಕ್ರಿಪ್ಟಿಕ್’ ಎಂಬ ಯೂಟ್ಯೂಬ್ ಚಾನೆಲ್ಲಿನ ಸೈಮನ್ ಆಂಥನಿ ಅವರ ಮುಂದೆ ಬಂದ ಪಟದಲ್ಲಿದ್ದ ಅಂಕಿಗಳು ಎರಡೇ: ಒಂದು 1, ಒಂದು 2. ಉಳಿದ 79 ಮನೆ ಖಾಲಿ. ಚದುರಂಗದ ರಾಜನ ನಡೆ, ಕುದುರೆಯ ನಡೆಯ ಅಂತರದಲ್ಲಿ ಒಂದೇ ಅಂಕಿ ಎರಡು ಸಲ ಬರಕೂಡದು, ಅಕ್ಕಪಕ್ಕದ ಮನೆಗಳಲ್ಲಿ ಅನುಕ್ರಮದ ಅಂಕಿಗಳಿರಕೂಡದು ಎಂಬ ಹೆಚ್ಚುವರಿ ಷರತ್ತುಗಳಷ್ಟೇ ಆಸರೆ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೇ ಶುರು ಮಾಡಿದ ಅವರು ಅರ್ಧ ಗಂಟೆಯೊಳಗೆ 79 ಮನೆಗಳನ್ನೂ ತುಂಬಿದರು. ಒಬ್ಬ ಮನುಷ್ಯ ಕೂತು ಮನೆ ತುಂಬುವುದನ್ನು ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನೋಡಿದರು. ಸುಡೊಕು ಕಲಿಯಲು ಈಗ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ನಿಜವಾದ ಎಣಿಕೆಗೆ ಬರೋಣ. ಪೂರ್ತಿ ತುಂಬಿದ, ಒಂದಕ್ಕೊಂದು ನಿಜವಾಗಿಯೂ ಬೇರೆಯಾದ ಪಟಗಳು ಎಷ್ಟು? 547 ಕೋಟಿ. ಕಡೆಯ ಅಂಕಿಯವರೆಗೂ ಬೇಕೆಂದರೆ 5,472,730,538. ನಿಮಿಷಕ್ಕೊಂದರಂತೆ, ನಿದ್ದೆಗೆಟ್ಟು ಬಿಡಿಸಿದರೂ 10,400 ವರ್ಷ. ಇವತ್ತಿಗೆ ಮುಗಿಸಬೇಕೆಂದಿದ್ದರೆ ಚಕ್ರ ಹುಟ್ಟುವುದಕ್ಕೂ ಸಾವಿರಾರು ವರ್ಷ ಮೊದಲೇ ಪೆನ್ಸಿಲ್ ಹಿಡಿಯಬೇಕಿತ್ತು.

ಇದು ಬರಿಯ ಮುಖಗಳ ಲೆಕ್ಕ. ವೇಷಗಳನ್ನು ಎಣಿಸಿಯೇ ಇಲ್ಲ! ಪಟವನ್ನು ತಿರುಗಿಸಿ, ಕನ್ನಡಿಯಲ್ಲಿ ನೋಡಿ, ಸಾಲುಗಳನ್ನು ಅದಲುಬದಲು ಮಾಡಿ, 1 ಇದ್ದಲ್ಲಿ 5, 5 ಇದ್ದಲ್ಲಿ 8 ಎಂದು ಅಂಕಿ ಬದಲಿಸುತ್ತ ಹೋದರೆ ಹೆಚ್ಚುಕಡಿಮೆ ಪ್ರತಿ ಮುಖಕ್ಕೂ 1.2 ಲಕ್ಷ ಕೋಟಿ ವೇಷ. 2005ರಲ್ಲಿ ಫೆಲ್ಗನ್‌ಹೌವರ್ ಮತ್ತು ಜಾರ್ವಿಸ್ ಇಂಥ ಎಲ್ಲ ಪಟಗಳನ್ನೂ ಸೇರಿಸಿ ಕೊಟ್ಟ ಸಂಖ್ಯೆ 22 ಅಂಕಿಗಳದು: 6,670,903,752,021,072,936,960. ನಮ್ಮ ಲೆಕ್ಕದಲ್ಲಿ ಆರೂವರೆಗೂ ಮಿಕ್ಕಿ ಕೋಟಿ ಕೋಟಿ ಕೋಟಿ. ಒಬ್ಬರೇ ಕೂತು ಸೆಕೆಂಡಿಗೊಂದು ಪಟದ ಮೇಲೆ ಕಣ್ಣಾಡಿಸಿದರೆ, ವಿಶ್ವ ಹುಟ್ಟಿ ಇಲ್ಲಿಯವರೆಗೆ ಕಳೆದ ಕಾಲದ 15 ಸಾವಿರ ಪಟ್ಟು ಬೇಕು. ಒಬ್ಬರ ಕೈಲಾಗದು, ಹಂಚಿಕೊಳ್ಳೋಣ ಎನ್ನುತ್ತೀರಾ? ಭೂಮಿಯ 800 ಕೋಟಿ ಜನರೂ ತೊಟ್ಟಿಲ ಕೂಸಿನಿಂದ ಹಿಡಿದು ಸೆಕೆಂಡಿಗೊಂದರಂತೆ ನೋಡುತ್ತ ಹೋದರೂ 26 ಸಾವಿರ ವರ್ಷ!

ಹಾಳೆಗೊಂದರಂತೆ ಅಚ್ಚು ಹಾಕಿಸಿ ಪೇರಿಸಿಟ್ಟರಂತೂ ಕೇಳಲೇಬೇಡಿ. ಹತ್ತು ಹಾಳೆಗೆ ಒಂದು ಮಿಲಿಮೀಟರ್ ದಪ್ಪ ಎಂದು ಹಿಡಿಯಿರಿ. ರಾಶಿ ಚಂದ್ರನನ್ನು ದಾಟುತ್ತದೆ, ಸೂರ್ಯನ ದೂರವನ್ನು 44 ಲಕ್ಷ ಸಲ ಕ್ರಮಿಸುತ್ತದೆ, ರೋಹಿಣಿ ನಕ್ಷತ್ರವನ್ನೂ ಹಿಂದೆ ಹಾಕುತ್ತದೆ. ಬುಡದಿಂದ ತುದಿಗೆ ಬೆಳಕೇ ಓಡಿದರೂ 70 ವರ್ಷ. ತೂಕ? ಹಾಳೆಗೆ 5 ಗ್ರಾಂ, ದಸರಾ ಆನೆಗೆ 5 ಟನ್ ಎಂದರೆ ಭೂಮಿಯ ಮೇಲಿನ ಪ್ರತಿಯೊಬ್ಬರ ಪಾಲಿಗೆ 8 ಲಕ್ಷಕ್ಕೂ ಹೆಚ್ಚು ಆನೆ. ಲಾಯ ಎಲ್ಲಿ ಕಟ್ಟಿಸುತ್ತೀರೋ ನೀವೇ ನೋಡಿಕೊಳ್ಳಿ.

ಇಷ್ಟಕ್ಕೇ ಸುಸ್ತಾಗಬೇಡಿ. ಇವೆಲ್ಲ ಉತ್ತರಗಳು. ಒಂದೊಂದು ಉತ್ತರಕ್ಕೂ ಒಗಟುಗಳು ಅದೆಷ್ಟೋ. ಒಂದು ಸುಳಿವನ್ನೂ ತೆಗೆಯಲಾಗದಷ್ಟು ಬಿಗಿಯಾದ ಒಗಟುಗಳನ್ನಷ್ಟೇ ಎಣಿಸಿದರೂ ಅಂದಾಜು 3ರ ಮುಂದೆ 37 ಸೊನ್ನೆ. ಅವನ್ನೂ 5 ಗ್ರಾಮಿನ ಹಾಳೆಗೊಂದರಂತೆ ಅಚ್ಚು ಹಾಕಿಸಿ ತಕ್ಕಡಿಗಿಟ್ಟರೆ, ಇನ್ನೊಂದು ತಟ್ಟೆಯಲ್ಲಿ ಆನೆ ಸಾಲದು, ಭೂಮಿ ಸಾಲದು; 75 ಸಾವಿರ ಸೂರ್ಯರನ್ನು ಇಡಬೇಕು!

ಸುಡೊಕು ಹೀಗೆ ಬೀಗುತ್ತಿರುವಾಗ ಮೂಲೆಯಲ್ಲಿ ಮೈನ್‌ಸ್ವೀಪರ್ ನಗುತ್ತಿರುತ್ತದೆ. 1992ರಲ್ಲಿ ವಿಂಡೋಸ್ 3.1ರ ಜೊತೆ ಪುಕ್ಕಟೆ ಬಂದು ಎಷ್ಟೋ ಕಚೇರಿಗಳ ಮಧ್ಯಾಹ್ನ ನುಂಗಿದ ಅದೇ ಆಟ. ಅದರ ಕಠಿಣ ಹಂತದಲ್ಲಿ 480 ಮನೆ, 99 ಬಾಂಬು. ಬಾಂಬುಗಳನ್ನು ಎಷ್ಟು ಬಗೆಯಲ್ಲಿ ಹುದುಗಿಸಿಡಬಹುದು ಎಂಬ ಸಂಖ್ಯೆ 1ರ ಮುಂದೆ 104 ಸೊನ್ನೆ ಹಾಕಿದರೂ ಮುಗಿಯದು. ಕಣ್ಣಿಗೆ ನಿಲುಕುವ ವಿಶ್ವದ ಎಲ್ಲ ಪರಮಾಣುಗಳು ಸೇರಿದರೂ 80 ಸೊನ್ನೆಯ ಆಸುಪಾಸು. ಪರಮಾಣುಗಳಿಗೆಲ್ಲ ಆ ಪಟಗಳನ್ನು ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೂ, ಆ ಆರೂವರೆ ಕೋಟಿ ಕೋಟಿ ಕೋಟಿ ಸುಡೊಕು ಪಟಗಳ 150 ಪಟ್ಟಿಗಿಂತ ಹೆಚ್ಚು ಬೀಳುತ್ತದೆ.

ಆದ್ದರಿಂದ ಆಡುವವರು ನಿಶ್ಚಿಂತೆಯಿಂದ ಆಡಿ, ಸರಕು ತೀರುವ ಭಯವಿಲ್ಲ. ಒಂದೇ ಎಚ್ಚರಿಕೆ: ಯಾವುದಾದರೂ ಆ್ಯಪ್ ಸಾದಾ ಸುಡೊಕುವಿನಲ್ಲಿ 16 ಅಂಕಿ ಮಾತ್ರ ಕೊಟ್ಟು ‘ಇದಕ್ಕೆ ಒಂದೇ ಉತ್ತರ’ ಎಂದರೆ ನಂಬಬೇಡಿ, ಅಳಿಸಿಹಾಕಿ. ಅದು ಸುಳ್ಳೆಂದು 71 ಲಕ್ಷ ಗಂಟೆ ಕೂತು ನೋಡಿಯಾಗಿದೆ.